ಕಿವಿಯಿಲ್ಲದ ಮುದುಕಿ

ಮಾರ್ಚ್ ೧೪, ಗುರುವಾರ

ನನ್ನ ಮಣ್ಣಿನ ಮುದುಕಿ ಪ್ರದರ್ಶನಕ್ಕೆ ಆಯ್ಕೆಯಾಗಿದ್ದಾಳೆ. ಈ ವರ್ಷ ಆಯ್ಕೆಯಾದ ನನ್ನ ಮೂರನೆಯ ಬೊಂಬೆ ಇದು, ಆದರೂ ಖುಷಿಯಾಗಲಿಲ್ಲ. ನನ್ನ ಒಂದು ಮಾತೂ ಕೇಳಿಸಿಕೊಳ್ಳದ ಅತ್ತೆಯ ಮೇಲಿನ ಸಿಟ್ಟಿಗೆ ಮಾಡಿ ಸುಟ್ಟ ಬೊಂಬೆ ಅದು. ತೆರೆದ ಬಾಯಿ, ಕಿವಿಗಳೇ ಇಲ್ಲ. ಸಿಟ್ಟು ಇಳಿದ ಮೇಲೆ ವಾಪಸ್ ಕೇಳಿದೆ. ಕ್ಯಾಟಲಾಗ್ ಅಚ್ಚಾಗಿದೆ, ಆಗಲ್ಲ ಅಂದರು ಪ್ರದರ್ಶನದವರು.

ಇವತ್ತು ಅತ್ತೆ ಕ್ಯಾಟಲಾಗ್ ಬಿಡಿಸಿ, ಕನ್ನಡಕ ಏರಿಸಿ ಫೋಟೋ ನೋಡಿದರು.

"ಯಾರು ಅಂತ ಗೊತ್ತಾಯ್ತು ಬಿಡೇ. ನಿಮ್ಮಮ್ಮ ತಾನೇ? ಥೇಟ್ ಅವರೇ!"

"ಹೂಂ" ಅಂದುಬಿಟ್ಟೆ.

ಬಿದ್ದು ಬಿದ್ದು ನಕ್ಕರು. ನನ್ನೆದುರಿಗೇ ಅಮ್ಮನಿಗೆ ಫೋನ್ ಮಾಡಿದರು. "ಬೀಗರೇ, ಉದ್ಘಾಟನೆಗೆ ಬರಲೇಬೇಕು. ಮಗಳು ನಿಮ್ಮನ್ನೇ ಮಾಡಿದ್ದಾಳೆ!"

ಅಮ್ಮ ಖುಷಿಗೆ ಅತ್ತುಬಿಟ್ಟಳು. ಭಾನುವಾರ ಇಬ್ಬರೂ ಅದರ ಮುಂದೆ ಅಕ್ಕಪಕ್ಕ ನಿಂತಿರುತ್ತಾರೆ. ಆಗ ನಾನು ಯಾರ ಮುಖ ನೋಡಲಿ, ಯಾರಿಗೆ ಏನಂತ ಹೇಳಲಿ?