ಪುಟ್ಟಿಗೆ ಹೇಳದ ಮೊದಲ ಪಾಠ

ಅಕ್ಕಾ,

ನೀನು ಏಳೋ ಮುಂಚೆನೇ ನಾನು ಹೊರಡ್ತಿದ್ದೀನಿ. ನಿನ್ನ ಮುಖ ನೋಡೋ ಧೈರ್ಯ ನನಗಿಲ್ಲ.

ಕಿವಿಗೆ ಹಾಕೋ ಔಷಧಿ ಫ್ರಿಜ್ಜಿನ ಮೇಲಿದೆ, ಪುಟ್ಟಿಗೆ ಎರಡೆರಡು ಹನಿ ಹಾಕು. ಅಂಗೈ ಬ್ಯಾಂಡೇಜ್ ನೆನೆಯೋದು ಬೇಡ. ತಂತಿ ಮೇಲಿರೋ ಅವಳ ಲೈಫ್ ಜಾಕೆಟ್ಟು, ಬಾಗಿಲ ಹಿಂದಿರೋ, ನೀರ ಮೇಲೆ ಜಾರೋ ಪುಟ್ಟ ಸ್ಕೀಗಳು, ಎಲ್ಲಾ ಅವಳ ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಹಾಕಿಬಿಡು. ಬೋಟಿನ ಕೀ ನಿನ್ನ ಬೀರುವಿನಲ್ಲಿಟ್ಟುಕೋ. ನಾನು ಗೋಗರೆದರೂ ಕೊಡಬೇಡ.

ಕೆರೆ ಹತ್ತಿರ ಅಪ್ಪ-ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ಬಂದು ಕಾಯ್ತಿರ್ತಾರೆ. ಇನ್ಮೇಲೆ ಸ್ಕೀ ಕ್ಲಾಸ್ ಇಲ್ಲ ಅಂತ ಹೇಳಿ ಬರ್ತೀನಿ.

ಹನ್ನೆರಡು ವರ್ಷದಿಂದ ಪ್ರತಿ ಮಗುಗೂ ನನ್ನ ಮೊದಲ ಪಾಠ ಒಂದೇ: ಬಿದ್ದ ತಕ್ಷಣ ಬೋಟು ಎಳೆಯೋ ಹಗ್ಗದ ಹಿಡಿಕೆ ಬಿಟ್ಟುಬಿಡು. ಬೋಟಲ್ಲೇ ಬೆಳೆದೋಳು, ಗೊತ್ತಿರುತ್ತೆ ಅಂದ್ಕೊಂಡು ನಿನ್ನ ಮಗಳಿಗೆ ಮಾತ್ರ ಹೇಳಲಿಲ್ಲ. ಹೆದರಬಾರದು ಅಂತ, 'ಏನೇ ಆದ್ರೂ ಹಿಡಿಕೆ ಬಿಡಬೇಡ, ಜಾಣೆ' ಅಂದೆ. ನಿನ್ನೆ ಬಿದ್ದಳು, ಬಿಡಲಿಲ್ಲ. ನಾನು ತಿರುಗಿ ನೋಡೋ ಹೊತ್ತಿಗೆ ಬೋಟು ಅವಳನ್ನ ನೀರೊಳಗೇ ಎಳ್ಕೊಂಡು ಬರ್ತಿತ್ತು.

ಬೈದುಬಿಡು ಅಕ್ಕ.

ಈಗ ಚಪ್ಪಲಿ ಹಾಕ್ಕೊಳ್ಳುವಾಗ ಪುಟ್ಟಿ ಎದ್ದು ಬಂದು ಕೇಳಿದಳು: 'ಮಾವ, ನಾನು ಬಿಡಲೇ ಇಲ್ಲ ಅಲ್ವಾ?'

'ಹೌದು ಜಾಣೆ' ಅಂದೆ. ಇನ್ನೇನು ಹೇಳಲಿ?