ಲೈಟಿದೆ, ಗ್ರಾಫಿಕ್ಸ್ ಇಲ್ಲ

ದುರ್ಗಿಗುಡಿ, ಶಿವಮೊಗ್ಗ
14 ಸೆಪ್ಟೆಂಬರ್ 2025, ಭಾನುವಾರ

ಫಲಕ್‌ಳ ಅಬ್ಬಾ ಅವರಿಗೆ,

ಅಸ್ಸಲಾಮು ಅಲೈಕುಮ್. ನಾನೂ ಮಗಳೂ ಚೆನ್ನಾಗಿದ್ದೇವೆ. ನಿಮ್ಮ ಮೊಣಕಾಲು ನೋವು ಹೇಗಿದೆ ಎಂದು ಅವಳನ್ನು ಕೇಳಿದರೆ "ನೀನೇ ಕೇಳು ಅಮ್ಮಿ" ಎನ್ನುತ್ತಾಳೆ. ಅದಕ್ಕೇ ಕೇಳುತ್ತಿದ್ದೇನೆ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ದನಿ ಏರಿಸುತ್ತೇವೆ. ಪತ್ರವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ನಾಳೆ ಫಲಕ್ ಮಲವಗೊಪ್ಪಕ್ಕೆ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತಾಳೆ. ಪೂರ್ತಿ ಓದಿ, ಆಮೇಲೆ ಸಿಟ್ಟು ಮಾಡಿಕೊಳ್ಳಿ.

ನೀವು ಕೊಡಿಸಿದ ಲ್ಯಾಪ್‌ಟಾಪ್ ನೋಡಿದೆ. ಕೀಬೋರ್ಡಿನಲ್ಲಿ ಕೆಂಪು, ಹಸಿರು, ನೀಲಿ ಲೈಟು ಓಡಾಡುತ್ತವೆ. ನೋಡಿದ ಕೂಡಲೇ ಇದು ಯಾರ ಆಯ್ಕೆ ಎಂದು ಗೊತ್ತಾಯಿತು. ಜನ್ಮವಿಡೀ ಲಾರಿಗಳಿಗೆ ಬಾಡಿ ಕಟ್ಟಿ, ತಲೆಯ ಮೇಲೆ ಬಣ್ಣದ ಬಲ್ಬು ಕೂರಿಸಿದವರಿಗೆ ಬೇರೆ ಏನು ಕಣ್ಣಿಗೆ ಬಿದ್ದೀತು?

ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಅಂದರೆ ಆಟದ ಚಿತ್ರಗಳನ್ನು ಓಡಿಸುವ ಬೇರೆಯದೇ ಚಿಪ್ಪು ಇಲ್ಲ. ಫಲಕ್ ಆಟ ತಯಾರಿಸುವ ಕೋರ್ಸಿಗೆ ಅರ್ಜಿ ಹಾಕಿದ್ದಾಳಲ್ಲ, ತಾನೇ ಮಾಡಿದ ಒಂದು ಆಟವನ್ನು ಈ ತಿಂಗಳ ಕೊನೆಗೆ ಕಳಿಸಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದರೆ ಫ್ಯಾನು ಹುಯಿಲೆಬ್ಬಿಸುತ್ತದೆ, ಚಿತ್ರ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ನಿಮ್ಮ ಹತ್ತಿರ ಫೋನಿನಲ್ಲಿ "ಸೂಪರ್ ಇದೆ ಅಬ್ಬಾ" ಅಂದಳಂತೆ. ಆ ಕಡೆ ಫೋನ್ ಇಟ್ಟು ಈ ಕಡೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಿಮಗೆ ನೋವಾಗಬಾರದು ಎಂದು ಅವಳಿಗೆ ಅಷ್ಟು ಆಸೆ.

ನಾನೇ ಅಂಗಡಿಗೆ ಹೋದೆ. ಅಲ್ಲಿ ಕೆಲಸ ಮಾಡುವ ವೀಣಾ ಎಂಬ ಹುಡುಗಿಗೆ ನಿಮ್ಮ ಮುಖ ಚೆನ್ನಾಗಿ ನೆನಪಿದೆ. "ಆಂಟಿ, ಗ್ರಾಫಿಕ್ಸ್ ಇರೋದೇ ತಗೊಳ್ಳಿ ಅಂತ ಎಷ್ಟ್ ಹೇಳ್ದೆ. ಅಂಕಲ್ ಕೇಳ್ಬೇಕಲ್ಲ! ಈಗ ಬರೀ ಮಿಷನ್ ಕೊಡಮ್ಮ, ಗ್ರಾಫಿಕ್ಸು ಆಮೇಲೆ ಮಾಚೇನಹಳ್ಳೀಲಿ ನಮ್ ಹುಡುಗ್ರು ಕೂರಿಸ್ತಾರೆ ಅಂದ್ಬಿಟ್ರು" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ನೀವು ಯಾಕೆ ಹಾಗೆ ಅಂದಿರಿ ಎಂದು ಆ ಅಂಗಡಿಯಲ್ಲಿ ನನಗೊಬ್ಬಳಿಗೇ ಅರ್ಥವಾಗಿತ್ತು.

ನಮ್ಮ ಮದುವೆಯಾದ ಹೊಸತು. ಬಾಡಿ ಕಟ್ಟಲು ಮಾಚೇನಹಳ್ಳಿಯ ನಿಮ್ಮ ಶೆಡ್ಡಿಗೆ ಬಂದ ಒಂದು ಚಾಸಿಸ್ ಮೇಲೆ ನನ್ನನ್ನು ಕೂರಿಸಿಕೊಂಡು ಭದ್ರಾವತಿಯ ನಮ್ಮ ತವರಿಗೆ ಹೊರಟಿರಿ. ಇಂಜಿನ್ನು, ಚಕ್ರ, ಸ್ಟೇರಿಂಗು, ಕೂರಲು ಒಂದು ಹಲಗೆ, ಅಷ್ಟೇ. ಮೇಲೆ ಚಾವಣಿ ಇಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ನೀವು ತಲೆಗೆ ಟವಲು ಸುತ್ತಿಕೊಂಡಿದ್ದಿರಿ, ನಾನು ಒಂದು ಕೈಯಲ್ಲಿ ಹಲಗೆಯನ್ನೂ ಇನ್ನೊಂದು ಕೈಯಲ್ಲಿ ನಿಮ್ಮ ತೋಳನ್ನೂ ಹಿಡಿದುಕೊಂಡಿದ್ದೆ. ಭದ್ರಾ ಸೇತುವೆಯ ಮೇಲೆ ಗಾಳಿ ಬೀಸಿದಾಗ ನಾನು ಕಿರುಚಿದ್ದಕ್ಕೆ ಎದುರಿನ ಬಸ್ಸಿನವರೆಲ್ಲ ಕತ್ತು ಹೊರಗೆ ಹಾಕಿ ನೋಡಿದರು. ಮನೆ ಮುಂದೆ ಇಳಿದರೆ ನಮ್ಮ ಅಮ್ಮಿ, "ಇದೇನ್ರಪ್ಪ, ಅಳಿಯಂದ್ರು ಅರ್ಧ ಲಾರಿ ತಂದವ್ರೆ!" ಎಂದರು. "ಇನ್ನರ್ಧ ನಾನು ಕಟ್ತೀನಿ ಅಮ್ಮಿ" ಎಂದು ನೀವು ಎದೆ ಉಬ್ಬಿಸಿ ಹೇಳಿದಿರಿ. ಆ ದಿನ ನಾನು ಎಷ್ಟು ಸಂತೋಷವಾಗಿದ್ದೆ ಎಂದು ನಿಮಗೆ ಯಾವತ್ತೂ ಹೇಳಿಲ್ಲ. ತುಂಬಾ ಸಂತೋಷವಾಗಿದ್ದೆ.

ಮೊದಲು ಚಾಸಿಸ್ ತರುವುದು, ಮಿಕ್ಕಿದ್ದನ್ನು ಕೈ ಕೂಡಿದಂತೆ ಕಟ್ಟಿಕೊಳ್ಳುವುದು: ನಿಮಗೆ ಗೊತ್ತಿರುವ ಲೋಕ ಅದು. ಈ ಡಬ್ಬದ ಲೋಕ ಬೇರೆ. ವೀಣಾ ಬಿಚ್ಚಿ ತೋರಿಸಿದಳು. ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ, ಆಮೇಲೆ ಯಾವ ಮೇಸ್ತ್ರಿಯೂ ಕೂರಿಸಲಾರ. ಅದನ್ನು ಕೊಳ್ಳುವಾಗಲೇ ಸರಿಯಾಗಿ ಆರಿಸಿಕೊಳ್ಳಬೇಕು. ರ್‍ಯಾಮ್ ಹಾಗಲ್ಲ, ಇನ್ನೊಂದು ಪಟ್ಟಿ ಕೂರಿಸಲು ಖಾಲಿ ಜಾಗ ಇದ್ದರೆ ಮುಂದಿನ ವರ್ಷವಾದರೂ ಹಾಕಿಸಬಹುದು. ಆಟಗಳನ್ನು ತುಂಬಿಡುವ ಎಸ್ಸೆಸ್ಡಿಯನ್ನೂ ದೊಡ್ಡದು ಮಾಡಿಸಬಹುದು. ಅಷ್ಟೇ ಅಲ್ಲ, ಗ್ರಾಫಿಕ್ಸಿನ ಹೆಸರು ಒಂದೇ ಇದ್ದರೂ ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಕರೆಂಟು ಕಡಿಮೆ ಕೊಟ್ಟಿರುತ್ತಾರಂತೆ, ಬಿಸಿಯಾಗದಿರಲಿ ಎಂದು. ಹಾಗಾಗಿ ದಪ್ಪಗಿರುವ, ಎರಡು ಫ್ಯಾನಿನ ಒಂದನ್ನು ನೋಡಿಟ್ಟಿದ್ದೇನೆ. ಗ್ರಾಫಿಕ್ಸಿಗೇ ಸ್ವಂತ ಮೆಮೊರಿ ಇದೆ. ಪರದೆ ಸಾಧಾರಣ, ಕೀಬೋರ್ಡಿನ ಲೈಟು ಬರೀ ಬಿಳಿ. ನಿಮಗೆ ಇಷ್ಟವಾಗುವುದಿಲ್ಲ. ಮೇಲೆ ಬೀಳುವ ಹಣ ನಾನು ಹಾಕುತ್ತೇನೆ, ಅದರಲ್ಲಿ ಜಗಳ ಬೇಡ. ರವಿಕೆ ಹೊಲಿದು ಹೊಲಿದು ನನ್ನ ಕಣ್ಣು ಹೋದರೂ ಕೈ ಖಾಲಿಯಿಲ್ಲ.

ಫಲಕ್ ಮಾಡಿರುವ ಆಟ ಯಾವುದು ಗೊತ್ತೇ? ನಿಮಗೆ ಹೇಳಬೇಡ ಅಂದಿದ್ದಾಳೆ, ಆದರೂ ಹೇಳುತ್ತೇನೆ. ಒಂದು ಚಾಸಿಸ್ ಲಾರಿ ಮಾಚೇನಹಳ್ಳಿಯಿಂದ ಹೊರಡುತ್ತದೆ. ಆಡುವವರು ದಾರಿಯುದ್ದಕ್ಕೂ ಹಲಗೆ, ಬಾಗಿಲು, ಬಣ್ಣ ಸಂಪಾದಿಸಿ ಬಾಡಿ ಕಟ್ಟುತ್ತಾ ಹೋಗಬೇಕು. ಹಿಂಬದಿಯ ಹಲಗೆಯ ಮೇಲೆ, ನಾನು ಸೀಮೆಸುಣ್ಣದಲ್ಲಿ ಗೀಚಿ ಕೊಡುತ್ತಿದ್ದ ಬಳ್ಳಿಗಳನ್ನೇ ಬರೆದಿದ್ದಾಳೆ. ನೀವು ಅದರ ಮೇಲೆ ಬಣ್ಣ ತುಂಬುತ್ತಿದ್ದಿರಿ, ಅವಳು ಲಾರಿಯ ಅಡಿಯಲ್ಲಿ ಮಲಗಿ ಕಸೂತಿ ಬಟ್ಟೆಯ ಚೂರು ಹಿಡಿದುಕೊಂಡು ಆಡುತ್ತಿದ್ದಳು. ಅವಳಿಗೆ ಇದೆಲ್ಲ ನೆನಪಿದೆ ಎಂದು ನನಗೆ ತಿಳಿದೇ ಇರಲಿಲ್ಲ.

ಈಗ ನನ್ನ ಸಿಟ್ಟಿನ ವಿಷಯ. ಲ್ಯಾಪ್‌ಟಾಪ್ ಕೊಳ್ಳಲು ನೀವು ದುರ್ಗಿಗುಡಿಗೆ ಬಂದಿರಿ. ನಮ್ಮ ಮನೆಗೂ ಆ ಅಂಗಡಿಗೂ ನಡುವೆ ಎರಡೇ ಬೀದಿ. ಫಲಕ್‌ಳನ್ನು ಅಲ್ಲಿಗೇ ಕರೆಸಿ, ಕೈಗೆ ಡಬ್ಬ ಕೊಟ್ಟು, ಬಸ್ಸು ಹತ್ತಿ ಹೋದಿರಿ. ಮೂರು ವರ್ಷದ ಹಿಂದೆ, ಅವಳ ಕಾಲೇಜಿಗೆ ಅನುಕೂಲ, ಪೇಟೆಗೆ ಬಂದಿರೋಣ ಎಂದು ನಾನು ಅಂದಾಗ ನೀವು ಶೆಡ್ಡು ಬಿಟ್ಟು ಕದಲುವುದಿಲ್ಲ ಎಂದಿರಿ. ಹಾಗಾದರೆ ನನ್ನ ಮನೆ ಮೆಟ್ಟಿಲೂ ಹತ್ತಬೇಡಿ ಎಂದೆ ನಾನು. ಸಂಸಾರದಲ್ಲಿ ನಿಮಗೆ ಸಾವಿರ ಮಾತು ಹೇಳಿದ್ದೇನೆ, ಒಂದನ್ನಾದರೂ ಇಷ್ಟು ನಿಷ್ಠೆಯಿಂದ ಪಾಲಿಸಿದ್ದೀರಾ? ನೀವಿಲ್ಲದೆ ಮೂರು ರಂಜಾನ್ ಕಳೆದವು. ಇಫ್ತಾರಿಗೆ ಕೂತಾಗ ಮಗಳೂ ನಾನೂ ಎದುರಿನ ಜಾಗ ನೋಡದ ಹಾಗೆ ನಟಿಸುತ್ತೇವೆ. ನನಗೆ ನೀವು ಬೇಕು. ಇದನ್ನು ಬರೆಯುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಯಾವಾಗಲೋ ಬರೆಯುತ್ತಿದ್ದೆ.

ಲ್ಯಾಪ್‌ಟಾಪ್ ಬದಲಾಯಿಸಿ ಕೊಡಲು ಅಂಗಡಿಯವರು ಒಪ್ಪಿದ್ದಾರೆ. ಆದರೆ ಬಿಲ್ಲಿನಲ್ಲಿ ನಿಮ್ಮ ಹೆಸರಿರುವುದರಿಂದ ನೀವೇ ಆಧಾರ್ ಕಾರ್ಡು ಹಿಡಿದು ಬರಬೇಕಂತೆ. ಗುರುವಾರದವರೆಗೆ ಮಾತ್ರ ಅವಕಾಶ. ಬುಧವಾರ ಬನ್ನಿ, ಊಟ ಮಾಡಿಕೊಂಡು ಹೋದರಾಯಿತು. ಮೊಣಕಾಲು ನೋವಿದ್ದರೆ ಮೆಟ್ಟಿಲು ನಿಧಾನವಾಗಿ ಹತ್ತಿ.

ಇಂತಿ,
ನಿಮ್ಮ ಫಿರೋಜಾ

ವಿ.ಸೂ.: ಪತ್ರ ಮಡಿಸುವ ಮುಂಚೆ ಒಂದು ಮಾತು. ಬಿಲ್ಲು ಇದ್ದರೆ ಸಾಕು, ಯಾರು ಬಂದರೂ ಬದಲಾಯಿಸಿ ಕೊಡುತ್ತಾರೆ. ನಿನ್ನೆಯೇ ಹೋಗಿ ಹೊಸದನ್ನು ತಂದಾಯಿತು. ಫಲಕ್ ಈಗ ಪಕ್ಕದ ಕೋಣೆಯಲ್ಲಿ ಅದರ ಮುಂದೆಯೇ ಕೂತಿದ್ದಾಳೆ. ಅಂಗಡಿಯಲ್ಲಿ ನಿಮಗೆ ಏನೂ ಕೆಲಸವಿಲ್ಲ. ಆದರೂ ಬುಧವಾರ ಬನ್ನಿ.