ಏರುಗೂಡಿನಲ್ಲಿ ಎಷ್ಟು ಮಂದಿ

ಬಿಳಿಗಲ್ಲು ಗುಡ್ಡ
ಪರಾಭವ ಸಂವತ್ಸರ, ಭಾದ್ರಪದ ಶುದ್ಧ ಏಕಾದಶಿ. ನಿಮ್ಮಲ್ಲೂ ಇದೇ ಹೆಸರಿನ ಸಂವತ್ಸರ ನಡೆದಿರಬೇಕು. ನಮ್ಮದು ಅದಕ್ಕಿಂತ ಐದು ಸುತ್ತು, ಅಂದರೆ ಮುನ್ನೂರು ವರ್ಷ ಆಚೆಯದು.

ಹಿಂದಿನ ಕಾಲದ ಅಕ್ಕಂದಿರಿಗೆ, ಅಣ್ಣಂದಿರಿಗೆ ತುಂಗವ್ವನ ನಮಸ್ಕಾರ. ಇವತ್ತು ಉಪವಾಸ. ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ಆಕಳ ಹಾಲು ಕರೆದು, ಏರುಗೂಡಿನ ಉಕ್ಕಿನ ಹಗ್ಗ ನೋಡಿ ಬಂದು ಕುಳಿತಿದ್ದೇನೆ. ಹಳೇ ಸೀರೆಯ ತುಂಡು ಹಿಡಿದು ಹಗ್ಗದ ಉದ್ದಕ್ಕೂ ಸವರುವುದು ನಮ್ಮ ಪದ್ಧತಿ. ಒಂದು ಎಳೆ ಮುರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಾನು ಗುಡ್ಡದ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು.

ಈ ಓಲೆಗೆ ನಾವು ಹಿಂದೋಲೆ ಅನ್ನುತ್ತೇವೆ. ಮನೆಗೊಂದು, ಜನ್ಮಕ್ಕೊಂದು ಸಿಗುತ್ತದೆ. ಹಿಂದಕ್ಕೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಐದು ಸುತ್ತಿಗಿಂತ ಹತ್ತಿರಕ್ಕೆ ಕಳಿಸಲೂ ಆಗುವುದಿಲ್ಲ. ಆಗುವಂತಿದ್ದರೆ ಹೋದ ತಿಂಗಳಿಗೇ ಕಳಿಸುತ್ತಿದ್ದೆ.

ಏರುಗೂಡು ಅಂದರೆ ನಿಮ್ಮ ಲಿಫ್ಟು. ಗುಡ್ಡದ ಮೇಲಿನ ಗುಡಿಗೆ ಬರುವ ಭಕ್ತರಿಗಾಗಿ ನೀವು ಕಟ್ಟಿದ್ದು. ಈಗ ಬಯಲಿನ ಬಿಸಿಲಿಗೆ ಕೆಳಗೆ ಯಾರೂ ಮನೆ ಮಾಡುವಂತಿಲ್ಲ, ಊರೆಲ್ಲ ಮೇಲಿದೆ. ಹೊಲ, ಬಾವಿ ಮಾತ್ರ ಕೆಳಗೆ. ಬೆಳಕು ಹರಿಯುವಾಗ ಜನ ಇಳಿಯುತ್ತಾರೆ, ಸಂಜೆ ಏರುತ್ತಾರೆ. ಹಗ್ಗ, ಮೋಟಾರು ಎಷ್ಟೋ ಸಲ ಬದಲಾಗಿವೆ. ಹಳೆಯದರ ದಪ್ಪ ಅಳೆದು ಅಷ್ಟೇ ದಪ್ಪದ ಹಗ್ಗ ಹೆಣೆಸುತ್ತೇವೆ. ಕಂಬ, ತೊಲೆ, ತುದಿಯ ಗಾಲಿ ನಿಮ್ಮವೇ. ಕೆಳಬಾಗಿಲಲ್ಲಿ ನಿಂತು ಎಷ್ಟು ಮಂದಿ ಹತ್ತಬೇಕೆಂದು ಹೇಳುವವಳಿಗೆ ತೂಕದವ್ವ ಅನ್ನುತ್ತಾರೆ. ಮೊದಲು ನಮ್ಮತ್ತೆ, ಈಗ ಮೂವತ್ತು ವರ್ಷದಿಂದ ನಾನು.

ಎಷ್ಟು ಮಂದಿ ಎಂದು ನೀವು ಗೂಡಿನೊಳಗೆ ಒಂದು ತಗಡಿನ ಮೇಲೆ ಕೆತ್ತಿಸಿದ್ದಿರಿ. ಆ ತಗಡಿಗೆ ನಮ್ಮ ಮನೆತನದ ಹೆಂಗಸರು ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಫಳಫಳ ಹೊಳೆಯುವ ಹಾಗೆ ಮಾಡಿ, ಕುಂಕುಮ ಹಚ್ಚಿ ಕೈಮುಗಿದೆವು. ಮುನ್ನೂರು ವರ್ಷ ಉಜ್ಜಿದೆವು. ನಾನು ಸೊಸೆಯಾಗಿ ಬಂದಾಗ ಒಂದು ಅಂಕಿಯ ಬಾಲ ಉಳಿದಿತ್ತು. ಅದನ್ನು ಅಳಿಸಿದ್ದು ನನ್ನ ಕೈಯೇ. ದೇವರ ಕೆಲಸವೆಂದು ಭಕ್ತಿಯಿಂದ ಉಜ್ಜಿದೆ. ನಮ್ಮತ್ತೆ ಎಂಟು ಅನ್ನುತ್ತಿದ್ದರು, ನಾನೂ ಎಂಟು ಅನ್ನುತ್ತ ಬಂದೆ. ಅದು ಅವರ ಅಂದಾಜು ಅಷ್ಟೇ.

ಹೋದ ತಿಂಗಳು ಸಂಜೆಯ ಕೊನೆಯ ಏರಿಗೆ ಎಂಟು ಮಂದಿ ಹತ್ತಿದ ಮೇಲೆ ಕೆಂಚಪ್ಪಜ್ಜ ಬಂದ. ಒಣಗಿದ ಮನುಷ್ಯ, ಹೆಗಲ ಮೇಲೊಂದು ಸೊಪ್ಪಿನ ಕಟ್ಟು. ನಾನು ಅಡ್ಡ ಕೈ ಹಿಡಿದೆ.

"ನಾ ಹತ್ತಿದ್ರ ಗುಡ್ಡಾನ ಕುಸಿತೈತೇನವ್ವ ತುಂಗವ್ವ? ಈ ಸೊಪ್ಪ ನನಗಿಂತ ತೂಕ ಐತಿ ನೋಡು," ಅಂದ.

ಒಳಗಿದ್ದವರು ನಕ್ಕರು, ಸೊಪ್ಪನ್ನಷ್ಟೇ ಕಳಿಸಜ್ಜ ಅಂದರು. ನಾನು ಒಪ್ಪಲಿಲ್ಲ. ಮೋಟಾರು ಬಿಸಿಲಿನಿಂದ ನಡೆಯುವಂಥದ್ದು, ಬಿಸಿಲು ಇಳಿದಿತ್ತು, ಇನ್ನೊಂದು ಏರು ಇರಲಿಲ್ಲ. ಅಜ್ಜ ಒಂಬೈನೂರು ಮೆಟ್ಟಿಲು ಹಿಡಿದ. ಆರುನೂರರ ಹತ್ತಿರ ಕುಳಿತವನು ಏಳಲಿಲ್ಲ.

ಅವನ ಮಗಳು ಬರಮವ್ವ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಬಾಗಿಲ ಮುಂದೆಯೇ ಹಾದು, ಗೂಡಿನಲ್ಲಿ ಜಾಗವಿದ್ದರೂ ಮೆಟ್ಟಿಲು ಹತ್ತಿ ಹೋಗುತ್ತಾಳೆ. ನಾನೂ ಕರೆಯುವುದಿಲ್ಲ. ಏನೆಂದು ಕರೆಯಲಿ?

ಈಗ ಊರ ಹಿರಿಯ ಮುದಕನಗೌಡ ಸಭೆ ಕೂಡಿಸಿ, ಆಯುಧಪೂಜೆಯಿಂದ ಹದಿನಾಲ್ಕು ಮಂದಿಯನ್ನು ಹತ್ತಿಸೋಣ ಅಂದಿದ್ದಾನೆ. ತೂಕದವ್ವ ಹೂಂ ಅನ್ನದೆ ಗೂಡು ಏಳುವಂತಿಲ್ಲ, ಅದಕ್ಕೇ ದಿನಾ ಯಾರಾದರೊಬ್ಬರು ಬಂದು ಕೇಳುತ್ತಾರೆ. ಕಲ್ಲು ತುಂಬಿ ಏರಿಸಿ ನೋಡಿ ಎಂದು ನೀವು ಹೇಳಬಹುದು. ಪಕ್ಕದ ಗುಡ್ಡದವರು ಹಾಗೇ ನೋಡಿದ್ದರು. ಕಲ್ಲು ಬೀಳಲಿಲ್ಲ. ಎಂಟು ದಿನ ಕಳೆದ ಮೇಲೆ ಜನ ಬಿದ್ದರು, ಹನ್ನೊಂದು ಜೀವ. ಕಲ್ಲಿನ ಭಾರಕ್ಕೇ ತೊಲೆ ಒಳಗೊಳಗೆ ಸೀಳಿತ್ತಂತೆ. ಹೂಂ ಅಂದರೆ ಹೀಗೆ, ಊಹೂಂ ಅಂದರೆ ಮೆಟ್ಟಿಲ ಮೇಲೆ ಇನ್ನೊಬ್ಬ ಮುದುಕ. ದೇವರ ಮುಂದೆ ಕೂತರೂ ಜಪದ ಬದಲು ಅಂಕಿಯೇ ಬಾಯಿಗೆ ಬರುತ್ತದೆ. ನನಗೆ ಸಾಕಾಗಿದೆ.

ಅದಕ್ಕೇ ಬೇಡುತ್ತೇನೆ. ನಿಮ್ಮಲ್ಲಿ ಯಾರಾದರೂ ಆ ಗೂಡಿನೊಳಗೆ ಹೋಗಿ, ತಗಡಿನ ಮೇಲಿನ ಎರಡು ಸಾಲು ಓದಿ: ಎಷ್ಟು ಮಂದಿ, ಎಷ್ಟು ತೂಕ. ಕಾಗದದ ಮೇಲೆ ಬರೆದರೆ ನಮ್ಮವರೆಗೆ ಉಳಿಯುವುದಿಲ್ಲ. ಕೆಳಬಾಗಿಲ ಎಡಕ್ಕಿರುವ ಬಂಡೆಯ ಬುಡದಲ್ಲಿ, ಯಾರ ಕೈಗೂ ಉಜ್ಜಲು ಸಿಗದಷ್ಟು ಕೆಳಗೆ, ಉಳಿಯಿಂದ ಆಳವಾಗಿ ಕೊರೆಸಿ. ಆ ಬುಡದ ಸುತ್ತ ನಮ್ಮ ಕಾಲಕ್ಕೆ ಆಳುದ್ದ ಮಣ್ಣು ಕೂತಿದೆ, ಇಂದಿನವರೆಗೆ ಯಾರೂ ಅಗೆದಿಲ್ಲ.

ಓಲೆಮನೆಯಲ್ಲಿ ಓಲೆಗಳನ್ನು ಓದಿ ಮುದ್ರೆ ಹಾಕುವ ಕೆಲಸ ಬರಮವ್ವನದು. ಇದೂ ಅವಳ ಕೈಗೇ ಹೋಗುತ್ತದೆ. ಆದ್ದರಿಂದ ಉಳಿದ ಮಾತು ಅವಳಿಗೆ.

ಬರಮವ್ವ, ಮುದ್ರೆ ಹಾಕಿ ಕಳಿಸಿದ ಮೇಲೆ ಗುದ್ದಲಿ ತೆಗೆದುಕೊಂಡು ಕೆಳಗೆ ಹೋಗಿ ಆ ಬಂಡೆಯ ಬುಡ ಅಗೆದು ನೋಡು. ನಾನು ಓದಿ ಹೇಳಿದರೆ ನಾಳೆ ನೀನೂ ನಂಬಲಿಕ್ಕಿಲ್ಲ, ಊರೂ ನಂಬಲಿಕ್ಕಿಲ್ಲ. ಅಲ್ಲಿ ಎಂಟಕ್ಕಿಂತ ಹೆಚ್ಚು ಇದ್ದರೆ ನಿಮ್ಮಪ್ಪ ಹತ್ತಬಹುದಿತ್ತು. ಅದನ್ನು ನನಗಿಂತ ಮೊದಲು ಓದಬೇಕಾದವಳು ನೀನು. ಏನೇ ಇರಲಿ, ಮುಚ್ಚಿಡದೆ ನನ್ನ ಉತ್ತರ ತಂದುಕೊಡು ತಾಯಿ. ಕೆಳಬಾಗಿಲಲ್ಲೇ ಕೂತಿರುತ್ತೇನೆ.